ಲೇಕ್ ಕೌಂಟಿಯ ಕಪ್ಪು ಮರಳು: ಕಾಲಡಿಯ ಬೆಳ್ಳಿ ಹದಿನೈದು ವರ್ಷ ಯಾರಿಗೂ ಕಾಣಲಿಲ್ಲವೇಕೆ?

ಪ್ರಶ್ನೆ (ಡೆನ್ವರ್ ವಾಸಿ)

ಎಲ್ಲರಿಗೂ ನಮಸ್ಕಾರ.

ಕಳೆದ ಬೇಸಗೆಯಲ್ಲಿ ಕುಟುಂಬದೊಂದಿಗೆ ಕೊಲರಾಡೋದ ಲೇಕ್ ಕೌಂಟಿಗೆ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ) ಹೋಗಿ, ಲೆಡ್‌ವಿಲ್ ಪಟ್ಟಣದಲ್ಲಿ ಮೂರು ದಿನ ಉಳಿದು ಬಂದೆ. ಸಮುದ್ರಮಟ್ಟದಿಂದ ಹತ್ತು ಸಾವಿರ ಅಡಿಗೂ ಮೇಲಿರುವ ಆ ಊರಿನಲ್ಲಿ ನಾಲ್ಕು ಹೆಜ್ಜೆ ಏರು ಹತ್ತಿದರೆ ಏದುಸಿರು ಬರುತ್ತದೆ. ಪಡುವಣಕ್ಕೆ ಎಲ್ಬರ್ಟ್ ಮತ್ತು ಮ್ಯಾಸಿವ್ ಶಿಖರಗಳು, ಮೂಡಣಕ್ಕೆ ಮಸ್ಕೀಟೋ ಬೆಟ್ಟಸಾಲು, ನಡುವೆ ಆಗತಾನೇ ಹುಟ್ಟಿ ಹರಿಯುವ ಅರ್ಕಾನ್ಸಾ ನದಿ. ಊರಿನಿಂದ ಪೂರ್ವದ ಗುಡ್ಡಗಳ ಕಡೆ ಹೊರಟರೆ ಹಳದಿ, ಕೆಂಪು, ಬೂದು ಬಣ್ಣದ ಗಣಿಮಣ್ಣಿನ ದಿಬ್ಬಗಳೂ, ಗಣಿಗೆ ಇಳಿಯುವ ಬಾವಿಗಳ, ಅಂದರೆ ಶಾಫ್ಟುಗಳ, ಮೇಲೆ ವಾಲಿ ನಿಂತಿರುವ ಮರದ ಗೋಪುರಗಳೂ ದಾರಿಯುದ್ದಕ್ಕೂ ಸಿಗುತ್ತವೆ. ಅಂಥ ಒಂದು ದಿಬ್ಬದ ಬುಡದಲ್ಲಿ ನನ್ನ ಮಗಳು ಹೆಕ್ಕಿಕೊಂಡ ಅಂಗೈಯಗಲದ ಕಲ್ಲೊಂದು ಅದರ ಗಾತ್ರಕ್ಕೆ ನಂಬಲಾಗದಷ್ಟು ಭಾರವಿತ್ತು. ಅದು ಈಗ ನಮ್ಮ ಮನೆಯಲ್ಲಿದೆ.

ನಮ್ಮ ಕನ್ನಡ ಗೆಳೆಯರು ತಿಂಗಳಿಗೊಮ್ಮೆ ಸೇರುವ ಕೂಟದಲ್ಲಿ ಈ ಪ್ರದೇಶದ ಚರಿತ್ರೆಯ ಬಗ್ಗೆ ನಾನು ಮಾತನಾಡಬೇಕಾಗಿದೆ. ಅದಕ್ಕಾಗಿ ಓದಲು ಕುಳಿತಾಗ ಒಂದು ಗಂಟು ಬಿಚ್ಚಿಕೊಳ್ಳಲಿಲ್ಲ. 1860ರ ಏಪ್ರಿಲ್ ತಿಂಗಳಿನಲ್ಲಿ ಏಬ್ ಲೀ ಎಂಬಾತ, ಮುಂದೆ ಕ್ಯಾಲಿಫೋರ್ನಿಯಾ ಗಲ್ಚ್ ಎಂದು ಹೆಸರಾದ ಕೊರಕಲಿನಲ್ಲಿ ಚಿನ್ನ ಕಂಡನು. ಆ ಬೇಸಗೆ ಕಳೆಯುವುದರೊಳಗೆ ಸಾವಿರಾರು ಜನ ಬಂದು ಸೇರಿ ಓರೋ ಸಿಟಿ ಎಂಬ ಬೀಡು ಎದ್ದಿತು. ಕೆಲವೇ ವರ್ಷಗಳಲ್ಲಿ ಸುಲಭದ ಚಿನ್ನ ತೀರಿ ಜನ ಚದುರಿದರು. 1870ರ ದಶಕದ ನಡುವಿನಲ್ಲಿ ಅದೇ ಕೊರಕಲಿನಲ್ಲಿ ಬೆಳ್ಳಿ ಇದೆಯೆಂದು ಗೊತ್ತಾಯಿತು. 1880ರ ಜನಗಣತಿಯ ಹೊತ್ತಿಗೆ ಲೆಡ್‌ವಿಲ್‌ನ ಜನಸಂಖ್ಯೆ 14,820. ಕೊಲರಾಡೋದಲ್ಲಿ ಡೆನ್ವರ್ ಬಿಟ್ಟರೆ ಅದೇ ದೊಡ್ಡ ಊರು. ಬದುಕನ್ನೇ ಪಣವಿಟ್ಟು ಬಂದಿದ್ದ ಅಷ್ಟು ಜನ, ಅಷ್ಟು ವರ್ಷ ಅದೇ ಮಣ್ಣನ್ನು ಅಗೆದು ತೊಳೆದರೂ ಅದರಲ್ಲಿದ್ದ ಬೆಳ್ಳಿಯನ್ನು ಗುರುತಿಸದೆ ಹೋದದ್ದು ಹೇಗೆ?

ಇನ್ನೊಂದು ಪ್ರಶ್ನೆಯೂ ಇದೆ. ಓದಿದ ಪುಸ್ತಕಗಳೆಲ್ಲ ಈ ಸೀಮೆಯನ್ನು ‘ಫ್ರಾಂಟಿಯರ್’ ಎನ್ನುತ್ತವೆ. ಕನ್ನಡದಲ್ಲಿ ಅದಕ್ಕೆ ‘ಗಡಿ’ ಎಂದು ಬರೆದೆ. ಬರೆದ ಕೂಡಲೇ ಗಡಿಯ ಆಚೆ ಕಡೆ ಯಾರಿದ್ದರು ಎಂಬ ಪ್ರಶ್ನೆ ಎದ್ದಿತು. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ಭೂವಿಜ್ಞಾನದ ನಿವೃತ್ತ ಅಧ್ಯಾಪಕ)

ಮೊದಲಿಗೆ ಹೆಸರಿನ ಬಗ್ಗೆ ಒಂದು ಮಾತು. ಊರಿನ ಹೆಸರನ್ನು ‘ಲೀಡ್‌ವಿಲ್’ ಎನ್ನದೆ ಸೀಸದ ಅರ್ಥ ಬರುವಂತೆ ನೀವು ‘ಲೆಡ್‌ವಿಲ್’ ಎಂದು ಬರೆದಿರುವುದು ಸರಿಯಾಗಿದೆ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಆ ಹೆಸರಿನಲ್ಲೇ ಇದೆ.

ನಮ್ಮ ಕಪ್ಪತಗುಡ್ಡದ ಸೀಮೆಯಲ್ಲಿ ಜಾಲಗಾರರು ಹಳ್ಳದ ಮರಳನ್ನು ಮರಿಗೆಯಲ್ಲಿ ಜಾಲಿಸಿ ಚಿನ್ನ ತೆಗೆಯುತ್ತಿದ್ದುದನ್ನು ನೀವು ಕೇಳಿರಬಹುದು. 1860ರಲ್ಲಿ ಕ್ಯಾಲಿಫೋರ್ನಿಯಾ ಗಲ್ಚಿಗೆ ಬಂದವರು ಮಾಡಿದ ಕೆಲಸವೂ ಅದೇ. ಮರಿಗೆಯ ಜೊತೆಗೆ ಅವರು ಉದ್ದನೆಯ ಮರದ ದೋಣಿಗಳನ್ನು ಜೋಡಿಸಿ, ತಳಕ್ಕೆ ಅಡ್ಡಪಟ್ಟಿ ಹೊಡೆದು, ಅದರೊಳಗೆ ಮಣ್ಣು ಸುರಿದು ನೀರು ಹಾಯಿಸುತ್ತಿದ್ದರು. ಹಗುರವಾದದ್ದು ನೀರಿನೊಡನೆ ಹರಿದುಹೋಗುತ್ತದೆ, ಭಾರವಾದದ್ದು ಪಟ್ಟಿಗಳ ಹಿಂದೆ ಕೂರುತ್ತದೆ. ಸಾಮಾನ್ಯ ಮರಳು ನೀರಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ಚಿನ್ನ ಸುಮಾರು ಹತ್ತೊಂಬತ್ತು ಪಟ್ಟು ಭಾರ. ಇವೆರಡೇ ಇದ್ದರೆ ಬೇರ್ಪಡಿಸುವುದು ಸುಲಭ. ಆದರೆ ಆ ಕೊರಕಲಿನಲ್ಲಿ ಮೂರನೆಯದೊಂದು ಇತ್ತು: ಆರೂವರೆ ಪಟ್ಟು ಭಾರದ ಕಪ್ಪು ಮರಳು. ಅದು ದೋಣಿಯ ತಳದಲ್ಲಿ ಗಟ್ಟಿಯಾಗಿ ಕೂತು ಪಟ್ಟಿಗಳನ್ನೆಲ್ಲ ತುಂಬಿಬಿಡುತ್ತಿದ್ದುದರಿಂದ ಚಿನ್ನ ನಿಲ್ಲಲು ಜಾಗವಿಲ್ಲದೆ ನೀರಿನೊಡನೆ ಹೋಗುತ್ತಿತ್ತು. ಗಣಿಗಾರರು ದಿನವೂ ಅದನ್ನು ಶಪಿಸುತ್ತ, ಸಲಿಕೆಯಿಂದ ಕೆರೆದು ದಂಡೆಗೆ ಎಸೆಯುತ್ತಿದ್ದರು.

ಅವರನ್ನು ದಡ್ಡರೆನ್ನಲು ನನಗೆ ಮನಸ್ಸಿಲ್ಲ. ಚಿನ್ನ ಸಿಗುವ ಬಹುಪಾಲು ಹಳ್ಳಗಳಲ್ಲಿ ಕಪ್ಪು ಮರಳು ಇದ್ದೇ ಇರುತ್ತದೆ, ಮತ್ತು ಸಾಮಾನ್ಯವಾಗಿ ಅದು ಕಬ್ಬಿಣದ ಅದಿರಿನ ಹರಳು, ಅಂದರೆ ಮ್ಯಾಗ್ನೆಟೈಟ್. ಅನುಭವಸ್ಥನಾದ ಗಣಿಗಾರನೇ ಇಲ್ಲಿ ಮೊದಲು ಮೋಸಹೋಗುತ್ತಾನೆ, ಏಕೆಂದರೆ ಕಪ್ಪು ಮರಳೆಂದರೆ ಕಬ್ಬಿಣ ಎಂದು ಅವನಿಗೆ ಮೊದಲೇ ಗೊತ್ತಿರುತ್ತದೆ. 1870ರ ದಶಕದಲ್ಲಿ ವಿಲಿಯಂ ಸ್ಟೀವನ್ಸ್ ಎಂಬವನು ಹಳೆಯ ಕೊರಕಲನ್ನು ಮತ್ತೆ ತೊಳೆಯಲು ಅರ್ಕಾನ್ಸಾ ನದಿಯಿಂದ ಹನ್ನೆರಡು ಮೈಲಿ ಉದ್ದದ ಕಾಲುವೆ ತೋಡಿಸಿದನು. ಅವನ ಪಾಲುದಾರ ಅಲ್ವಿನಸ್ ವುಡ್‌ಗೆ ಲೋಹಗಳ ಪರೀಕ್ಷೆ ಗೊತ್ತಿತ್ತು. ಆ ಮರಳು ಸೆರುಸೈಟ್, ಅಂದರೆ ಸೀಸದ ಕಾರ್ಬೊನೇಟ್, ಮತ್ತು ಅದರಲ್ಲಿ ಬೆಳ್ಳಿ ಸೇರಿದೆ ಎಂಬುದು ಅವನ ಪರೀಕ್ಷೆಯಿಂದ ಹೊರಬಿತ್ತು. ಇಬ್ಬರೂ ಸದ್ದಿಲ್ಲದೆ ಸುತ್ತಲಿನ ಜಾಗಗಳ ಹಕ್ಕನ್ನು ತಮ್ಮದಾಗಿಸಿಕೊಂಡ ಮೇಲೆಯೇ ಸುದ್ದಿ ಹೊರಬಂದಿತು.

ಅದಕ್ಕಿಂತ ಮುಖ್ಯವಾದ ಕಾರಣವೊಂದಿದೆ. ಚಿನ್ನವನ್ನು ತೊಳೆದು ಚೀಲದಲ್ಲಿ ಕಟ್ಟಿಕೊಂಡು ಹೋಗಬಹುದು. ಅದಿರಿನಲ್ಲಿರುವ ಬೆಳ್ಳಿಗೆ ಕುಲುಮೆ ಬೇಕು, ಇದ್ದಿಲು ಬೇಕು, ಬಂಡವಾಳ ಬೇಕು, ಸಾಗಿಸಲು ದಾರಿ ಬೇಕು. 1860ರಲ್ಲಿ ಯಾರಾದರೂ ಆ ಮರಳನ್ನು ಸರಿಯಾಗಿ ಗುರುತಿಸಿದ್ದರೂ ಮಾಡುವುದೇನೂ ಇರಲಿಲ್ಲ. ಸೇಂಟ್ ಲೂಯಿಸ್ ನಗರದ ಕಂಪನಿಯೊಂದರ ಪರವಾಗಿ ಆಗಸ್ಟ್ ಮೇಯರ್ ಎಂಬವನು ಬಂದು ಅದಿರನ್ನು ಕೊಂಡು, ಎತ್ತಿನ ಗಾಡಿಗಳಲ್ಲಿ ಹೇರಿ ರೈಲಿನವರೆಗೆ ಸಾಗಿಸತೊಡಗಿದ ಮೇಲೆ, 1877ರಲ್ಲಿ ಸ್ಥಳದಲ್ಲೇ ಕುಲುಮೆ ಎದ್ದ ಮೇಲೆ, ಆ ಮರಳು ‘ಅದಿರು’ ಎನಿಸಿಕೊಂಡಿತು. ಅಲ್ಲಿಯವರೆಗೆ ಅದು ಬರೀ ಕಸ.

ಈ ಕೌಂಟಿಯಲ್ಲಿ ಇದು ಒಂದೇ ಸಲ ನಡೆದದ್ದಲ್ಲ ಎಂಬುದನ್ನು ನಿಮ್ಮ ಭಾಷಣದಲ್ಲಿ ಹೇಳಿ. ಬೆಳ್ಳಿಯ ಗಣಿಗಳಲ್ಲಿ ಕಂದು ಬಣ್ಣದ ಕಲ್ಲೊಂದನ್ನು ಮೂವತ್ತು ವರ್ಷ ಬೆಲೆಯಿಲ್ಲದ ಸುಣ್ಣಕಲ್ಲಿನ ಚೂರೆಂದು ಬದಿಗೆ ಬಿಟ್ಟಿದ್ದರು. 1910ರ ಹೊತ್ತಿಗೆ ಅದು ಸತುವಿನ ಕಾರ್ಬೊನೇಟ್ ಎಂದು ತಿಳಿದು ಹಳೆಯ ಗಣಿಗಳಿಗೆ ಮತ್ತೆ ಜೀವ ಬಂತು. ಕೌಂಟಿಯ ಉತ್ತರದಲ್ಲಿ, ಫ್ರಿಮಾಂಟ್ ಕಣಿವೆದಾರಿಯ ಪಕ್ಕದ ಬಾರ್ಟ್ಲೆಟ್ ಬೆಟ್ಟದಲ್ಲಿ ಚಾರ್ಲ್ಸ್ ಸೆಂಟರ್ ಎಂಬವನಿಗೆ 1879ರಲ್ಲೇ ಬೂದು ಬಣ್ಣದ, ಜಾರುವ ಖನಿಜವೊಂದು ಸಿಕ್ಕಿತ್ತು. ಅದು ಮಾಲಿಬ್ಡಿನಮ್ ಲೋಹದ ಅದಿರು. ಆಗ ಆ ಲೋಹ ಯಾರಿಗೂ ಬೇಕಿರಲಿಲ್ಲ. ಉಕ್ಕನ್ನು ಗಟ್ಟಿ ಮಾಡಲು ಅದು ಒದಗುತ್ತದೆಂದು ಮೊದಲ ಮಹಾಯುದ್ಧ ತೋರಿಸಿಕೊಟ್ಟ ಮೇಲೆ 1918ರಲ್ಲಿ ಕ್ಲೈಮ್ಯಾಕ್ಸ್ ಗಣಿ ಅದನ್ನು ದೊಡ್ಡ ಪ್ರಮಾಣದಲ್ಲಿ ತೆಗೆಯಲು ಆರಂಭಿಸಿತು. ಕಲ್ಲು ಅದೇ, ಬೆಟ್ಟ ಅದೇ. ಬದಲಾದದ್ದು ಅದನ್ನು ಕೊಳ್ಳುವವನು.

ಉತ್ತರ 2 (ಚರಿತ್ರೆಯ ವಿದ್ಯಾರ್ಥಿನಿ)

ಗುರುಗಳ ಉತ್ತರ ಮೊದಲ ಪ್ರಶ್ನೆಗೆ ಸಾಕು. ನಾನು ಎರಡನೆಯದಕ್ಕೆ ಬರುತ್ತೇನೆ. ನೀವು ‘ಗಡಿ’ ಎಂಬ ಮಾತನ್ನೇ ಉಳಿಸಿಕೊಳ್ಳಬೇಕೆಂಬುದು ನನ್ನ ಆಗ್ರಹ, ಏಕೆಂದರೆ ಕನ್ನಡದಲ್ಲಿ ಆ ಮಾತು ಎರಡೂ ಕಡೆಯವರನ್ನು ನೆನಪಿಸುತ್ತದೆ.

ಆಚೆ ಕಡೆ ಇದ್ದವರು ಯೂಟ್ ಜನ. ಅರ್ಕಾನ್ಸಾ ನದಿಯ ಮೇಲ್ಕಣಿವೆ ಅವರ ಬೇಸಗೆಯ ಬೇಟೆಯ ನೆಲ. ಇಲ್ಲಿ ವರ್ಷಗಳ ಅನುಕ್ರಮವನ್ನು ಗಮನಿಸಬೇಕು. ಚಿನ್ನ ಸಿಕ್ಕಿದ್ದು 1860ರಲ್ಲಿ. ಕೊಲರಾಡೋ ಪ್ರಾಂತ್ಯ ತನ್ನ ಮೊದಲ ಹದಿನೇಳು ಕೌಂಟಿಗಳನ್ನು 1861ರ ನವೆಂಬರ್ ತಿಂಗಳಿನಲ್ಲಿ ಗುರುತಿಸಿತು. ಟ್ವಿನ್ ಲೇಕ್ಸ್ ಎಂಬ ಜೋಡಿ ಸರೋವರಗಳಿಂದ ಹೆಸರು ಪಡೆದ ಲೇಕ್ ಕೌಂಟಿ ಅವುಗಳಲ್ಲೊಂದು. ಈಗ ಅದು ರಾಜ್ಯದ ಪುಟ್ಟ ಕೌಂಟಿಗಳ ಪೈಕಿಯದಾದರೂ ಅಂದು ಅದರ ಗೆರೆ ಪಶ್ಚಿಮಕ್ಕೆ ಯೂಟಾ ಪ್ರಾಂತ್ಯದ ಅಂಚಿನವರೆಗೂ ಚಾಚಿತ್ತು. ಖಂಡವಿಭಾಜಕ ಬೆಟ್ಟಸಾಲಿನ ಪೂರ್ವದ ನೆಲವನ್ನು ಬಿಟ್ಟುಕೊಡುವ ಒಪ್ಪಂದಕ್ಕೆ ಯೂಟರ ಟಾಬೆಗ್ವಾಚ್ ಪಂಗಡ ಸಹಿ ಹಾಕಿದ್ದು 1863ರಲ್ಲಿ. ಉಳಿದ ಪಂಗಡಗಳು ಅದಕ್ಕೆ ಸಹಿ ಹಾಕಿರಲೇ ಇಲ್ಲ. ಅಂದರೆ ಗಣಿ ಮೊದಲು ಬಂತು, ಕೌಂಟಿ ಆಮೇಲೆ, ಒಪ್ಪಂದ ಎಲ್ಲಕ್ಕಿಂತ ಕೊನೆಗೆ. ನೆಲ ಇನ್ನೂ ಒಬ್ಬರದಾಗಿರುವಾಗಲೇ ಮತ್ತೊಬ್ಬರು ಅದಕ್ಕೆ ಕಂದಾಯದ ಗೆರೆ ಎಳೆದಿದ್ದರು.

1868ರ ಒಪ್ಪಂದ ರೇಖಾಂಶ 107ರ ಪಶ್ಚಿಮಕ್ಕಿರುವ ವಿಸ್ತಾರವಾದ ನೆಲವನ್ನು ಯೂಟರಿಗೆ ಮೀಸಲಿಟ್ಟಿತು. ಹತ್ತು ವರ್ಷಗಳಲ್ಲಿ ಲೆಡ್‌ವಿಲ್ ಉಕ್ಕಿ ಹರಿಯಿತು. 1879ರಲ್ಲಿ ಅಲ್ಲಿಂದ ಅದಿರು ಹುಡುಕುತ್ತ ಬೆಟ್ಟಸಾಲು ದಾಟಿ ಹೋದವರು ಆಚೆಯ ಕಣಿವೆಯಲ್ಲಿ ಹೊಸ ಬೀಡು ಕಟ್ಟಿ ಅದನ್ನು ಯೂಟ್ ಸಿಟಿ ಎಂದು ಕರೆದರು. ಇಂದು ಸಿರಿವಂತರು ಹಿಮದಾಟಕ್ಕೆ ಹೋಗುವ ಆಸ್ಪೆನ್ ಅದೇ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಯೂಟರ ಕುದುರೆಗಳು ಮೇಯುತ್ತಿದ್ದ ಹುಲ್ಲುಗಾವಲನ್ನು ಉಳುಮೆ ಮಾಡಿಸಿ ಅವರನ್ನು ಒಕ್ಕಲಿಗರನ್ನಾಗಿ ಮಾಡಲು ಹಟ ಹಿಡಿದಿದ್ದ ಸರ್ಕಾರಿ ಏಜೆಂಟ್ ನೇಥನ್ ಮೀಕರ್ ಮತ್ತು ಅವನ ಸಂಗಡಿಗರು ವೈಟ್ ರಿವರ್ ಬಳಿ ಹತರಾದರು. ರಾಜ್ಯದ ಗವರ್ನರ್ ಫ್ರೆಡರಿಕ್ ಪಿಟ್ಕಿನ್ ಯೂಟರನ್ನು ಹೊರಹಾಕಲೇಬೇಕೆಂದು ಪಟ್ಟು ಹಿಡಿದಿದ್ದನು. ಅವನು ಸ್ವತಃ ಗಣಿಗಳಲ್ಲಿ ಹಣ ಹೂಡಿದ್ದವನು. ಶಾಂತಿಗಾಗಿ ಕೊನೆಯವರೆಗೂ ಶ್ರಮಿಸಿದ, ಊರೇ ಎಂಬ ಹೆಸರಿನ ಯೂಟ್ ನಾಯಕ 1880ರಲ್ಲಿ ತೀರಿಕೊಂಡನು. ಮರುವರ್ಷ, ಮೀಕರ್ ಪ್ರಕರಣದಲ್ಲಿ ಕೈಯಿಲ್ಲದಿದ್ದ ಊರೇಯ ಪಂಗಡವನ್ನೂ ಸೇರಿಸಿ, ಸೈನ್ಯದ ಕಾವಲಿನಲ್ಲಿ ವೈಟ್ ರಿವರ್‌ನ ಯೂಟರನ್ನು ಯೂಟಾಕ್ಕೆ ಸಾಗಿಸಲಾಯಿತು.

ಕೌಂಟಿಯ ಹೆಸರಿಗೇ ಸಂಬಂಧಿಸಿದ ಇನ್ನೊಂದು ವಿವರ: 1879ರ ಫೆಬ್ರುವರಿ 8ರಂದು ಶಾಸನಸಭೆ ಲೇಕ್ ಕೌಂಟಿಗೆ ಕಾರ್ಬೊನೇಟ್ ಕೌಂಟಿ ಎಂದು ಮರುನಾಮಕರಣ ಮಾಡಿತು. ಎರಡೇ ದಿನಕ್ಕೆ ದಕ್ಷಿಣದ ಭಾಗವನ್ನು ಚಾಫಿ ಕೌಂಟಿಯೆಂದು ಬೇರೆ ಮಾಡಿ, ಉತ್ತರಕ್ಕೆ ಹಳೆಯ ಹೆಸರನ್ನೇ ಹಿಂತಿರುಗಿಸಿತು. ಕಸವೆಂದು ಎಸೆದ ಮರಳಿನ ಹೆಸರು ಎರಡು ದಿನವಾದರೂ ಒಂದು ಸೀಮೆಯ ಹೆಸರಾಗಿತ್ತು.

ಡೆನ್ವರ್ ವಾಸಿ

ಇಬ್ಬರಿಗೂ ಕೃತಜ್ಞತೆಗಳು. ವರ್ಷಗಳನ್ನು ಹೀಗೆ ಒಂದರ ಪಕ್ಕ ಒಂದಿಟ್ಟು ನಾನು ನೋಡಿರಲಿಲ್ಲ. ನನ್ನ ಭಾಷಣದ ಹೆಚ್ಚಿನ ಭಾಗ ಈವರೆಗೆ ಹೊರೇಸ್ ಟೇಬರ್‌ನ ಕಥೆಯೇ ಆಗಿತ್ತು: 1878ರಲ್ಲಿ ಅಂಗಡಿಕಾರನಾಗಿ ಇಬ್ಬರು ಬಡ ಗಣಿಗಾರರಿಗೆ ದಿನಸಿ ಕೊಟ್ಟು, ಪ್ರತಿಯಾಗಿ ಮೂರನೆಯ ಒಂದು ಪಾಲು ಪಡೆದು, ಅವರು ತೋಡಿದ ಲಿಟಲ್ ಪಿಟ್ಸ್‌ಬರ್ಗ್ ಗಣಿಯಿಂದ ಕೋಟ್ಯಧೀಶನಾದದ್ದು, ಮರುವರ್ಷ ತನ್ನ ಹೆಸರಿನ ಆಪೆರಾ ಮಂದಿರ ಕಟ್ಟಿಸಿದ್ದು, 1893ರಲ್ಲಿ ಬೆಳ್ಳಿಯ ಬೆಲೆ ಕುಸಿದು ಎಲ್ಲವನ್ನೂ ಕಳೆದುಕೊಂಡದ್ದು, ಅವನ ಎರಡನೆಯ ಹೆಂಡತಿ ಬೇಬಿ ಡೋ 1935ರ ಚಳಿಗಾಲದಲ್ಲಿ ಮ್ಯಾಚ್‌ಲೆಸ್ ಗಣಿಯ ಪಕ್ಕದ ಗುಡಿಸಲಿನಲ್ಲಿ ಒಂಟಿಯಾಗಿ ಸತ್ತದ್ದು. 1893ರ ಕುಸಿತಕ್ಕೆ ನಿಜವಾದ ಕಾರಣವೇನು? ಗಣಿಯೊಳಗೆ ಇಳಿದವರ ಪಾಡೇನಾಯಿತು?

ಉತ್ತರ 3 (ಅರ್ಥಶಾಸ್ತ್ರದ ಓದುಗ)

ಟೇಬರ್‌ನ ಕಥೆ ಮನಸ್ಸನ್ನು ಹಿಡಿಯುತ್ತದೆ, ಒಪ್ಪುತ್ತೇನೆ. ಆದರೆ ನೂರು ಸಲ ಹೇಳಲ್ಪಟ್ಟ ಆ ಕಥೆಗೆ ಹತ್ತು ನಿಮಿಷ ಸಾಕು. 1893ರ ಕುಸಿತಕ್ಕೆ ಮಾತ್ರ ನಿಮ್ಮ ಶ್ರೋತೃಗಳು ಕಿವಿಗೊಡುತ್ತಾರೆ, ಏಕೆಂದರೆ ಅದರಲ್ಲಿ ನಮ್ಮ ರೂಪಾಯಿ ಇದೆ.

ಲೆಡ್‌ವಿಲ್‌ನ ಬೆಳ್ಳಿಗೆ ದೊಡ್ಡ ಗಿರಾಕಿಗಳಲ್ಲೊಬ್ಬರು ಅಮೆರಿಕದ ಸರ್ಕಾರವೇ. 1878ರ ಕಾಯಿದೆಯ ಪ್ರಕಾರ ಖಜಾನೆಯು ತಿಂಗಳಿಗೆ 20 ಲಕ್ಷದಿಂದ 40 ಲಕ್ಷ ಡಾಲರ್ ಬೆಲೆಯ ಬೆಳ್ಳಿಯನ್ನು ಕೊಳ್ಳಲೇಬೇಕಿತ್ತು. 1890ರ ಶೆರ್ಮನ್ ಕಾಯಿದೆ ಅದನ್ನು ತಿಂಗಳಿಗೆ 45 ಲಕ್ಷ ಔನ್ಸಿಗೆ ಏರಿಸಿತು. ಹೊರಗೆ ಬೆಳ್ಳಿ ದೊಡ್ಡ ಪ್ರಮಾಣದಲ್ಲಿ ಹರಿಯುತ್ತಿದ್ದ ದೇಶ ಭಾರತ. ನಮ್ಮ ರೂಪಾಯಿ ಬೆಳ್ಳಿಯದು, ಮತ್ತು ಯಾರು ಬೆಳ್ಳಿ ತಂದುಕೊಟ್ಟರೂ ಕಲ್ಕತ್ತಾ, ಮುಂಬಯಿಗಳ ಟಂಕಸಾಲೆಗಳು ಅದನ್ನು ರೂಪಾಯಿಯಾಗಿ ಅಚ್ಚು ಹಾಕಿಕೊಡುತ್ತಿದ್ದವು. ಬೆಳ್ಳಿಯ ಬೆಲೆ ಇಳಿದಂತೆ ರೂಪಾಯಿಯ ಬೆಲೆಯೂ ಇಳಿದು, ಲಂಡನ್ನಿಗೆ ಚಿನ್ನದ ಲೆಕ್ಕದಲ್ಲಿ ಹಣ ಸಲ್ಲಿಸಬೇಕಿದ್ದ ಬ್ರಿಟಿಷ್ ಸರ್ಕಾರಕ್ಕೆ ಅದು ಹೊರೆಯಾಯಿತು. 1893ರ ಜೂನ್ 26ರಂದು ಆ ಸರ್ಕಾರ ಟಂಕಸಾಲೆಗಳ ಬಾಗಿಲನ್ನು ಖಾಸಗಿಯವರ ಬೆಳ್ಳಿಗೆ ಮುಚ್ಚಿತು. ಔನ್ಸಿಗೆ 80 ಸೆಂಟಿಗಿಂತ ಮೇಲಿದ್ದ ಬೆಳ್ಳಿ ಕೆಲವೇ ದಿನಗಳಲ್ಲಿ 60 ಸೆಂಟಿನ ಆಸುಪಾಸಿಗೆ ಬಿದ್ದಿತು. ಕೊಲರಾಡೋದಲ್ಲಿ ಗಣಿಗಳು ಒಂದರ ಹಿಂದೊಂದು ಕೆಲಸ ನಿಲ್ಲಿಸಿದವು. ಶೆರ್ಮನ್ ಕಾಯಿದೆ ರದ್ದಾದದ್ದು ನವೆಂಬರ್‌ನಲ್ಲಿ, ಅಂದರೆ ಆ ಹೊತ್ತಿಗೆ ಮೊದಲ ಪೆಟ್ಟು ಬಿದ್ದಾಗಿತ್ತು.

ಕೆಳಗೆ ಇಳಿದವರ ವಿಷಯ ಬೇರೆ. ಗಣಿಗಾರನ ದಿನಗೂಲಿ ಮೂರು ಡಾಲರ್ ಇದ್ದದ್ದು ಕುಸಿತದ ಬಳಿಕ ಅನೇಕರಿಗೆ ಎರಡೂವರೆಗೆ ಇಳಿಯಿತು. 1896ರ ಆರಂಭದಲ್ಲಿ ಊರಿನವರು ಪ್ರವಾಸಿಗರನ್ನು ಸೆಳೆಯಲು ಸುಮಾರು ಐದು ಸಾವಿರ ಟನ್ ಮಂಜುಗಡ್ಡೆಯಿಂದ ಅರಮನೆಯೊಂದನ್ನು ಕಟ್ಟಿದರು. ಅದು ಮಾರ್ಚ್ ಕೊನೆಗೆ ಮುಚ್ಚಿತು. ಜೂನ್‌ನಲ್ಲಿ ಕಾರ್ಮಿಕ ಸಂಘವು ಎಲ್ಲರಿಗೂ ಮೂರು ಡಾಲರ್ ಕೂಲಿ ಬೇಕೆಂದು ಮುಷ್ಕರ ಹೂಡಿತು. ಸಂಘವನ್ನು ಮಾನ್ಯ ಮಾಡುವುದಿಲ್ಲವೆಂದು ಗಣಿ ಮಾಲೀಕರು ತಮ್ಮೊಳಗೆ ಗುಟ್ಟಾಗಿ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಂಡಿದ್ದರೆಂಬುದು ಆಮೇಲೆ ಶಾಸನಸಭೆಯ ಸಮಿತಿಯ ವಿಚಾರಣೆಯಲ್ಲಿ ಬಯಲಾಯಿತು. ಸೆಪ್ಟೆಂಬರ್ 21ರಂದು ಕೊರೊನಾಡೋ ಗಣಿಯ ಮೇಲೆ ಡೈನಮೈಟ್ ಮತ್ತು ಬೆಂಕಿಯ ದಾಳಿ ನಡೆದು, ಬೆಂಕಿ ಆರಿಸಲು ಬಂದವನೊಬ್ಬನೂ ಸೇರಿ ಜೀವಹಾನಿಯಾಯಿತು. ಗವರ್ನರ್ ಸೈನ್ಯ ಕಳಿಸಿದನು, ಮತ್ತು 1897ರ ಮಾರ್ಚ್‌ನಲ್ಲಿ ಮುಷ್ಕರ ಸೋತಿತು. ದಾಳಿಯನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಕೂಲಿಕಾರರು ಸಂಘ ಕಟ್ಟಿದರೆ ಅಪರಾಧವೆಂದೂ, ಮಾಲೀಕರು ಗುಟ್ಟಾಗಿ ಒಂದಾದರೆ ವ್ಯಾಪಾರವೆಂದೂ ಅಂದಿನವರು ತಿಳಿದದ್ದು ಅನ್ಯಾಯವೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಊರಿನ ಎವರ್‌ಗ್ರೀನ್ ಸ್ಮಶಾನದಲ್ಲಿ ಬಡವರ ಭಾಗವೊಂದಿದೆ. ಗುರುತಿನ ಕಲ್ಲಿಲ್ಲದೆ, ಪೈನ್ ಮರಗಳ ನಡುವೆ ಬರೀ ತಗ್ಗುಗಳಾಗಿ ಕಾಣುವ ಆ ಸಮಾಧಿಗಳಲ್ಲಿ ಸಾವಿರಕ್ಕೂ ಹೆಚ್ಚು ಜನ ಮಲಗಿದ್ದಾರೆ. ಅವರಲ್ಲಿ ಬಹುಪಾಲು ಬರದಿಂದ ನೊಂದ ಐರ್ಲೆಂಡಿನಿಂದ ಬಂದವರು ಅಥವಾ ಅವರ ಮಕ್ಕಳು.

ಉತ್ತರ 4 (ಕೆ.ಜಿ.ಎಫ್.ನಲ್ಲಿ ಬೆಳೆದವಳು)

ನನ್ನ ತಂದೆ ಕೋಲಾರದ ಚಿನ್ನದ ಗಣಿಯಲ್ಲಿ ದುಡಿದವರು. ಸೈನೈಡ್ ಗುಡ್ಡಗಳ ನೆರಳಿನಲ್ಲಿ ನಾನು ಶಾಲೆಗೆ ಹೋಗಿದ್ದೇನೆ. ಆದ್ದರಿಂದ ಲೆಡ್‌ವಿಲ್‌ಗೆ ಹೋದಾಗ ನಾನು ಮೊದಲು ವಿಚಾರಿಸಿದ್ದು ನೀರಿನ ಬಗ್ಗೆ. ಗಣಿ ಮುಚ್ಚಿ ಪಂಪು ನಿಂತರೆ ನೀರು ಮೇಲೇರುತ್ತದೆ. 2001ರ ನಂತರ ನಮ್ಮ ಶಾಫ್ಟುಗಳಲ್ಲಿ ಆದದ್ದು ಅದೇ.

ಲೆಡ್‌ವಿಲ್‌ನಲ್ಲಿ ಗಣಿಗಳ ನೀರು ತಾನಾಗಿ ಹರಿದುಹೋಗಲಿ ಎಂದು 1895ರಿಂದ ಯಾಕ್ ಸುರಂಗವನ್ನು ಕೊರೆದರು. ಅದು ಬೆಳೆಬೆಳೆದು ಸುಮಾರು ನಾಲ್ಕು ಮೈಲಿಯಾಯಿತು. ಗಣಿಗಳೊಳಗಿನ ಗಂಧಕದ ಅದಿರಿಗೆ ಗಾಳಿ ಮತ್ತು ನೀರು ತಗುಲಿದರೆ ಆಮ್ಲವಾಗುತ್ತದೆ. ಆ ಆಮ್ಲ ಸತು, ಕ್ಯಾಡ್ಮಿಯಂ, ಸೀಸಗಳನ್ನು ಕರಗಿಸಿಕೊಂಡು ಸುರಂಗದ ಮೂಲಕ ಕ್ಯಾಲಿಫೋರ್ನಿಯಾ ಗಲ್ಚಿಗೆ, ಅಲ್ಲಿಂದ ಅರ್ಕಾನ್ಸಾ ನದಿಗೆ ಸೇರುತ್ತಿತ್ತು. 1983ರಲ್ಲಿ ಸುಮಾರು 18 ಚದರ ಮೈಲಿ ಪ್ರದೇಶವನ್ನು ಕೇಂದ್ರ ಸರ್ಕಾರ ವಿಷಮಯ ಸ್ಥಳಗಳ ಸೂಪರ್‌ಫಂಡ್ ಪಟ್ಟಿಗೆ ಸೇರಿಸಿತು. 1985ರ ಫೆಬ್ರುವರಿಯಲ್ಲಿ ಸುರಂಗದಿಂದ ಒಮ್ಮೆಲೇ ನುಗ್ಗಿದ ನೀರಿಗೆ ನದಿ ಕಿತ್ತಳೆ ಬಣ್ಣಕ್ಕೆ ತಿರುಗಿತು. 1992ರಿಂದ ಶುದ್ಧೀಕರಣ ಘಟಕವೊಂದು ಆ ನೀರಿನಿಂದ ಲೋಹ ತೆಗೆಯುತ್ತಿದೆ. ಏಬ್ ಲೀ ಚಿನ್ನ ತೊಳೆದ ಹಳ್ಳ ಅದೇ ಎಂಬುದನ್ನು ನಿಮ್ಮ ಗೆಳೆಯರಿಗೆ ಹೇಳಿ.

ಊರಿನವರ ಬಗ್ಗೆಯೂ ಒಂದು ಮಾತು. 1980ರ ದಶಕದ ಆರಂಭದಲ್ಲಿ ಕ್ಲೈಮ್ಯಾಕ್ಸ್ ಗಣಿ ಸುಮಾರು ಮೂರು ಸಾವಿರ ಜನರನ್ನು ಮನೆಗೆ ಕಳಿಸಿದಾಗ, ಕೆಲಸ ಕಳೆದುಕೊಂಡ ಗಣಿಗಾರ ಕೆನ್ ಕ್ಲೌಬರ್ 1983ರಲ್ಲಿ ಬೆಟ್ಟಗಳ ಮೇಲೆ ನೂರು ಮೈಲಿ ಓಟದ ಸ್ಪರ್ಧೆ ಆರಂಭಿಸಿದರು. ಇಂದು ಅದಕ್ಕೆ ದೇಶದೇಶಗಳಿಂದ ಓಟಗಾರರು ಬರುತ್ತಾರೆ. ಗಣಿ ಮುಚ್ಚಿದ ಊರಿನ ಮೌನ ನನಗೆ ಗೊತ್ತಿರುವುದರಿಂದ ಆ ಓಟದ ಸುದ್ದಿ ಕೇಳಿ ನನಗೆ ತುಂಬಾ ಸಂತೋಷವಾಯಿತು. 2012ರಲ್ಲಿ ಕ್ಲೈಮ್ಯಾಕ್ಸ್ ಗಣಿಯೂ ಮತ್ತೆ ತೆರೆಯಿತು.

ಡೆನ್ವರ್ ವಾಸಿ

ಹೋದ ಸಲ ಎವರ್‌ಗ್ರೀನ್ ಸ್ಮಶಾನದ ಮುಂದೆಯೇ ಕಾರು ನಿಲ್ಲಿಸಿ ಚಹಾ ಕುಡಿದು, ಒಳಗೆ ಹೋಗದೆ ಬಂದಿದ್ದೆ. ಹಿಮ ಕರಗಿದ ಮೇಲೆ ಮತ್ತೆ ಹೋಗುತ್ತೇನೆ. ಭಾಷಣವನ್ನು ಟೇಬರ್‌ನಿಂದಲ್ಲದೆ ಆ ಕಪ್ಪು ಮರಳಿನಿಂದ ಆರಂಭಿಸುತ್ತೇನೆ. ಕೊನೆಯದಾಗಿ, ಗುರುಗಳೇ, ಮಗಳು ತಂದ ಆ ಕಲ್ಲು ಸೆರುಸೈಟ್ ಇರಬಹುದೇ? ಅದನ್ನು ಕೂಟದಲ್ಲಿ ತೋರಿಸಬಹುದೇ?

ಭೂವಿಜ್ಞಾನದ ನಿವೃತ್ತ ಅಧ್ಯಾಪಕ

ಒಡೆದ ಮುಖಗಳು ಘನಾಕಾರವಾಗಿ, ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದು ಗೆಲೀನಾ, ಅಂದರೆ ಸೀಸದ ಸಲ್ಫೈಡ್. ಮಂಕಾಗಿ, ಬೂದು ಅಥವಾ ಕಂದಾಗಿದ್ದರೆ ಸೆರುಸೈಟ್ ಇರಬಹುದು. ಎರಡರಲ್ಲಿ ಯಾವುದಾದರೂ ಅದು ಸೀಸವೇ. ಆದ್ದರಿಂದ ಮಗಳ ಆಟದ ಸಾಮಾನಿನಿಂದ ಅದನ್ನು ಇಂದೇ ಬೇರೆ ಮಾಡಿ, ಅದನ್ನಿಟ್ಟಿದ್ದ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮುಟ್ಟಿದವರೆಲ್ಲ ಸಾಬೂನಿನಿಂದ ಕೈ ತೊಳೆದುಕೊಳ್ಳಿ. ಆ ದಿಬ್ಬಗಳಿಂದ ಮತ್ತೆ ಏನನ್ನೂ ತರಬೇಡಿ. ಕೂಟಕ್ಕೆ ಒಯ್ಯುವಾಗ ಮುಚ್ಚಳವಿರುವ ಗಾಜಿನ ಡಬ್ಬಿಯಲ್ಲಿಟ್ಟು, ಪಕ್ಕದಲ್ಲೇ ಅಷ್ಟೇ ಗಾತ್ರದ ಹೊಳೆಗಲ್ಲೊಂದನ್ನು ಅಂಥದೇ ಇನ್ನೊಂದು ಡಬ್ಬಿಯಲ್ಲಿಡಿ. ಬಂದವರು ಎರಡನ್ನೂ ಒಂದೊಂದು ಕೈಯಲ್ಲಿ ಎತ್ತಿ ನೋಡಲಿ.